ವೈದ್ಯನ ಕಾಯಕವೂ ಔಷಧ ವ್ಯಾಪಾರಿಯ ಕಾಣಿಕೆಯೂ

ನುಲಿಯ ಚಂದಯ್ಯನವರ ಕಥೆಯನ್ನು ಅರಿಯದವರು ನಮ್ಮ ವಾಚಕರಲ್ಲಿ ವಿರಳ. ಕೆರೆಯ ದಂಡೆಯ ಹುಲ್ಲನ್ನು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರಿ, ಬಂದುದರಿಂದ ಜಂಗಮ ದಾಸೋಹವನ್ನು ನಡೆಸುತ್ತಿದ್ದ ಆ ಶರಣರ ಇಷ್ಟಲಿಂಗವು ಒಂದು ದಿನ ಹುಲ್ಲು ಕೊಯ್ಯುವಾಗ ಕಳಚಿ ಬಿದ್ದಿತೆಂದೂ, ಕಾಯಕವನ್ನು ನಿಲ್ಲಿಸಿ ಅದನ್ನು ಎತ್ತಿಕೊಳ್ಳಲು ಅವರು ಒಪ್ಪಲಿಲ್ಲವೆಂದೂ, ಮಡಿವಾಳ ಮಾಚಯ್ಯನವರ ಮಧ್ಯಸ್ಥಿಕೆಯಿಂದ ಕಡೆಗೆ ಲಿಂಗವೇ ಹಗ್ಗ ಮಾರುವ ಕಾಯಕಕ್ಕೆ ನಿಂತಿತೆಂದೂ ಶೂನ್ಯಸಂಪಾದನೆಯ ಪ್ರಸಂಗವು ತಿಳಿಸುತ್ತದೆ. ಕಾಯಕವು ಪೂಜೆಗಿಂತ ಕಡಿಮೆಯದಲ್ಲ ಎಂಬ ತತ್ತ್ವಕ್ಕೆ ಇದನ್ನು ಪ್ರವಚನಕಾರರು ಉದಾಹರಿಸುವುದು ವಾಡಿಕೆ. ಆದರೆ ಕಥೆಯ ಕೊನೆಯ ಭಾಗದ ಕಡೆಗೆ ನಮ್ಮ ಲಕ್ಷ್ಯ ಹೋಗುವುದು ಕಡಿಮೆ. ಲಿಂಗವು ಹಗ್ಗವನ್ನು ಹೊತ್ತು ಬಸವಣ್ಣನವರ ಮನೆಗೆ ಹೋದಾಗ ಅವರು ಭಕ್ತಿಯ ಭರದಲ್ಲಿ ಹಗ್ಗದ ಬೆಲೆಗೆ ಎಷ್ಟೋ ಮಡಿ ಮಿಗಿಲಾದ ಹೊನ್ನನ್ನು ಕೊಟ್ಟರು. ಅದನ್ನು ಕಂಡು ಚಂದಯ್ಯನವರು ಹಿಗ್ಗಲಿಲ್ಲ, ಸಿಟ್ಟಾದರು. ಹಗ್ಗಕ್ಕೆ ಸಲ್ಲತಕ್ಕ ಬೆಲೆ ಯಾವುದೋ ಅಷ್ಟೇ ಕಾಯಕದ ದ್ರವ್ಯ. ಅದನ್ನು ಮೀರಿದುದು, ಕೊಟ್ಟವರು ಬಸವಣ್ಣನವರೇ ಆಗಿದ್ದರೂ, ದಾಸೋಹಕ್ಕೆ ಸಲ್ಲದು ಎಂಬುದು ಅವರ ನಿಲುವು.

ಈ ನಿಲುವಿನಲ್ಲಿ ಎರಡು ಸಂಗತಿಗಳು ಅಡಗಿವೆ. ಕಾಯಕದ ಪ್ರತಿಫಲವು ಯಾರಿಗಾಗಿ ಕೆಲಸ ಮಾಡಿದೆವೋ ಅವರಿಂದಲೇ ಬರತಕ್ಕದ್ದು. ಹಾಗೂ ಅದು ಕೆಲಸಕ್ಕೆ ತಕ್ಕ ಅಳತೆಯಲ್ಲಿರತಕ್ಕದ್ದು. ಬೇರೊಬ್ಬನು ಬೇರೊಂದು ಉದ್ದೇಶದಿಂದ ಕೊಟ್ಟುದನ್ನು ಸ್ವೀಕರಿಸಿದೆವೆಂದರೆ, ಅಂದಿನಿಂದ ನಾವು ಯಾರ ಕೆಲಸದವರು ಎಂಬ ಪ್ರಶ್ನೆ ಏಳುತ್ತದೆ. ಇಂದಿನ ದಿನಗಳಲ್ಲಿ ಈ ಪ್ರಶ್ನೆಯು ವೈದ್ಯರ ವಿಷಯದಲ್ಲಿ ಎದ್ದಷ್ಟು ತೀವ್ರವಾಗಿ ಇನ್ನಾವ ವೃತ್ತಿಯ ವಿಷಯದಲ್ಲಿಯೂ ಎದ್ದಿಲ್ಲ. ಔಷಧ ತಯಾರಿಸುವ ಕಂಪನಿಗಳು ವೈದ್ಯರಿಗೆ ಕೊಡುವ ಕಾಣಿಕೆಗಳ ವಿಚಾರವು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಅದು ನಮ್ಮ ಮನೆಮನೆಯ ಖರ್ಚಿಗೆ ತಟ್ಟುವ ವಿಷಯವಾದುದರಿಂದ ಸದ್ಭಕ್ತರು ಇದನ್ನು ಕೊಂಚ ವಿಸ್ತಾರವಾಗಿ ತಿಳಿದುಕೊಳ್ಳುವುದು ಯುಕ್ತ.

ಶರಣರ ಗಣದಲ್ಲಿ ವೈದ್ಯರೂ ಇದ್ದರೆಂಬುದನ್ನು ಮರೆಯಲಾಗದು. ವೈದ್ಯ ಸಂಗಣ್ಣನವರು ತಮ್ಮ ವೃತ್ತಿಯನ್ನೇ ಹೆಸರಿನೊಂದಿಗೆ ಧರಿಸಿದವರು. ರೋಗ, ನಾಡಿ, ಔಷಧಗಳ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದವರು. ನೇಯುವುದು, ಒಗೆಯುವುದು, ಚರ್ಮ ಹದಮಾಡುವುದು, ದನ ಕಾಯುವುದು ಇವುಗಳ ಸಾಲಿನಲ್ಲಿಯೇ ವೈದ್ಯವೂ ಒಂದು ಕಾಯಕವಾಗಿ ಅನುಭವಮಂಟಪದಲ್ಲಿ ಕುಳಿತಿತ್ತು. ಅದಕ್ಕೆ ಮೇಲಿನ ಪೀಠವಿರಲಿಲ್ಲ, ಕೆಳಗಿನ ಪೀಠವೂ ಇರಲಿಲ್ಲ.

ಆದರೂ ಉಳಿದ ಕಾಯಕಗಳಿಗೂ ವೈದ್ಯಕ್ಕೂ ಒಂದು ಭೇದವುಂಟು. ನಮ್ಮ ಶಿಗ್ಲಿಯು ನೇಕಾರರ ಊರು. ಸೀರೆಯನ್ನು ಕೊಳ್ಳಲು ಬಂದ ತಾಯಿಯು ಸೆರಗನ್ನು ಹಿಡಿದು ನೋಡುತ್ತಾಳೆ, ನೂಲನ್ನು ಬೆರಳಿನಿಂದ ಉಜ್ಜುತ್ತಾಳೆ, ಬಣ್ಣ ನಿಲ್ಲುವುದೋ ಬಿಡುವುದೋ ಎಂದು ಕೇಳುತ್ತಾಳೆ, ಬೆಲೆ ಒಗ್ಗದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾಳೆ. ಆರಿಸುವವಳೂ ಅವಳೇ, ಹಣ ಕೊಡುವವಳೂ ಅವಳೇ, ಉಡುವವಳೂ ಅವಳೇ. ಅದೇ ತಾಯಿ ಜ್ವರ ಬಂದ ಮಗುವನ್ನು ಸೊಂಟದ ಮೇಲೆ ಹೊತ್ತು ಲಕ್ಷ್ಮೇಶ್ವರದ ದವಾಖಾನೆಗೋ ಗದಗಿನ ಆಸ್ಪತ್ರೆಗೋ ಹೋದಾಗ ಈ ಮೂರೂ ಬೇರೆಯಾಗುತ್ತವೆ. ಔಷಧವನ್ನು ಆರಿಸುವವನು ವೈದ್ಯ; ಹಣ ಕೊಡುವವಳು ತಾಯಿ; ನುಂಗುವುದು ಮಗು. ಚೀಟಿಯಲ್ಲಿ ಬರೆದುದನ್ನು ಆಕೆ ಓದಲಾರಳು, ಓದಿದರೂ ಅರಿಯಲಾರಳು, ಅರಿತರೂ ಬೇಡವೆನ್ನುವ ಧೈರ್ಯ ಆಕೆಗಿಲ್ಲ. ಔಷಧಿ ಅಂಗಡಿಯ ಕಟ್ಟೆಯ ಮುಂದೆ ಚೌಕಾಸಿ ಮಾಡಿದವರನ್ನು ಯಾರೂ ಕಂಡಿಲ್ಲ.

ವ್ಯಾಪಾರದ ಚಾತುರ್ಯವೆಲ್ಲ ಈ ಸಂದಿಯಲ್ಲಿಯೇ ಹೊಕ್ಕಿದೆ. ಹಣ ಕೊಡುವವರನ್ನು ಒಲಿಸಿ ಪ್ರಯೋಜನವಿಲ್ಲ. ಆರಿಸುವವರನ್ನು ಒಲಿಸಿದರೆ ಸಾಕು. ನೂಲಿನ ವ್ಯಾಪಾರಿಯೊಬ್ಬನು ನೇಕಾರನಿಗೆ ಗುಟ್ಟಾಗಿ ಹಬ್ಬದ ಕಾಣಿಕೆ ಕೊಟ್ಟು ತನ್ನ ದುಬಾರಿ ನೂಲನ್ನೇ ಹಾಸಿಗೂ ಹೊಕ್ಕಿಗೂ ಹಾಕಿಸಿದನೆಂದು ಭಾವಿಸಿರಿ. ಸೀರೆಯ ಬೆಲೆ ಏರಿದ ಮೇಲೆ ಕೊಳ್ಳುವವರು ಒಂದು ದಿನ ಆ ಮಗ್ಗದ ಕಡೆಗೆ ಬರುವುದನ್ನೇ ಬಿಡುತ್ತಾರೆ. ನೇಕಾರನಿಗೆ ಬುದ್ಧಿ ಬರುತ್ತದೆ. ರೋಗಿಗೆ ಹಾಗೆ ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲ. ರಕ್ತದೊತ್ತಡಕ್ಕೂ ಮಧುಮೇಹಕ್ಕೂ ಬರೆದ ಗುಳಿಗೆಯನ್ನು ಒಮ್ಮೆ ಹಿಡಿದರೆ ಬಾಳಿನುದ್ದಕ್ಕೂ ಪ್ರತಿ ತಿಂಗಳೂ ಕೊಳ್ಳಲೇಬೇಕು.

ಇಲ್ಲಿ ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ. ಔಷಧಕ್ಕೆ ಎರಡು ಹೆಸರುಗಳಿರುತ್ತವೆ. ಒಂದು ಅದರೊಳಗಿನ ಮೂಲದ್ರವ್ಯದ ಹೆಸರು; ಇನ್ನೊಂದು ಕಂಪನಿಯು ಇಟ್ಟುಕೊಂಡ ವ್ಯಾಪಾರದ ಹೆಸರು. ಪ್ಯಾರಾಸಿಟಮಾಲ್ ಎಂಬುದು ದ್ರವ್ಯ. ಅದನ್ನು ನಮ್ಮ ದೇಶದಲ್ಲಿ ಅನೇಕ ಕಂಪನಿಗಳು ಅನೇಕ ಹೆಸರುಗಳಲ್ಲಿ ಮಾರುತ್ತವೆ. 1970ರ ಪೇಟೆಂಟ್ ಕಾನೂನು ಜಾರಿಗೆ ಬಂದ ಬಳಿಕ ಒಂದೇ ದ್ರವ್ಯವನ್ನು ನೂರಾರು ದೇಶೀ ಕಾರಖಾನೆಗಳು ತಯಾರಿಸುವಂತಾಯಿತು, ಔಷಧವು ಅಗ್ಗವಾಯಿತು, ಇದು ದೇಶಕ್ಕಾದ ದೊಡ್ಡ ಉಪಕಾರ. ಆದರೆ ಒಳಗಿನ ವಸ್ತು ಒಂದೇ ಆದಾಗ ಮಾರಾಟಗಾರನು ತನ್ನದೇ ಹೆಚ್ಚೆಂದು ಯಾವ ಆಧಾರದ ಮೇಲೆ ಹೇಳಬೇಕು? ಗುಣದಲ್ಲಿ ಭೇದ ತೋರಿಸಲಾಗದೆಡೆಯಲ್ಲಿ ಪರಿಚಯ, ಸ್ನೇಹ, ಕಾಣಿಕೆಗಳೇ ಭೇದವನ್ನು ಉಂಟುಮಾಡುತ್ತವೆ. ಜೈಸುಖಲಾಲ ಹಾಥಿಯವರ ಅಧ್ಯಕ್ಷತೆಯ ಸಮಿತಿಯು 1975ರಲ್ಲಿಯೇ ವ್ಯಾಪಾರದ ಹೆಸರುಗಳನ್ನು ಹಂತಹಂತವಾಗಿ ಕೈಬಿಡಬೇಕೆಂದು ಸರಕಾರಕ್ಕೆ ಸಲಹೆ ಮಾಡಿತ್ತು. ಅರ್ಧ ಶತಮಾನ ಕಳೆದರೂ ಅದು ನಡೆಗೆ ಬರಲಿಲ್ಲ.

ಈ ಸ್ನೇಹ ಕಾಣಿಕೆಗಳನ್ನು ಹೊತ್ತು ತಿರುಗುವವನು ಔಷಧ ಕಂಪನಿಯ ಪ್ರತಿನಿಧಿ. ಅವನನ್ನು ನೀವೆಲ್ಲರೂ ಕಂಡಿದ್ದೀರಿ. ರೋಗಿಗಳ ಸಾಲಿನ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕರಿಯ ಚೀಲ ಹಿಡಿದು, ಕೊನೆಯ ರೋಗಿ ಹೊರಬರುವವರೆಗೆ ಗೋಡೆಗೆ ಒರಗದೆ ನಿಂತಿರುತ್ತಾನೆ. ನಮ್ಮ ಜಿಲ್ಲೆಯ ಊರುಗಳಲ್ಲಿ ಬಿ.ಎಸ್‌ಸಿ., ಬಿ.ಫಾರ್ಮಾ ಓದಿದ ಎಷ್ಟೋ ತರುಣರಿಗೆ ಇದೇ ಅನ್ನ. ಅವನಿಗೆ ತಿಂಗಳ ಮಾರಾಟದ ಗುರಿಯಿರುತ್ತದೆ. ಅದಕ್ಕೆ ಟಾರ್ಗೆಟ್ ಎನ್ನುತ್ತಾರೆ. ಯಾವ ಡಾಕ್ಟರು ಯಾವ ಔಷಧವನ್ನು ಎಷ್ಟು ಬರೆಯುತ್ತಾರೆಂಬುದನ್ನು ಔಷಧಿ ಅಂಗಡಿಗಳಲ್ಲಿ ವಿಚಾರಿಸಿ ಮೇಲಿನವರಿಗೆ ವರದಿ ಮಾಡಬೇಕು. ಗುರಿ ತಪ್ಪಿದರೆ ವರ್ಗಾವಣೆ, ಕೆಲವೊಮ್ಮೆ ಕೆಲಸಕ್ಕೇ ಸಂಚಕಾರ. ಇಂಥವನನ್ನು ಪಾಪಿಯೆಂದು ತೆಗಳುವುದು ಸುಲಭ, ಅದು ನ್ಯಾಯವಲ್ಲ. ಏಕೆಂದರೆ ಈ ವ್ಯವಹಾರವನ್ನು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿಸಿದವರು ಈ ಪ್ರತಿನಿಧಿಗಳೇ. ಅವರ ಅಖಿಲ ಭಾರತ ಒಕ್ಕೂಟವು, ಕಾಣಿಕೆಯ ಮಾರಾಟಕ್ಕೆ ಕಡಿವಾಣ ಹಾಕುವ ಕಡ್ಡಾಯ ಕಾನೂನು ಬೇಕೆಂದು ಮನವಿ ಸಲ್ಲಿಸಿತು. ಚೀಲ ಹೊತ್ತವರಿಗೇ ಚೀಲದ ಭಾರ ತಿಳಿದಿತ್ತು.

ಆ ಮನವಿಯ ವಿಚಾರಣೆಯಲ್ಲಿಯೇ ನಮ್ಮ ರಾಜ್ಯದ ಹೆಸರು ಕೇಳಿಬಂದಿತು. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಎಂಬ ಕಂಪನಿಯು ತಯಾರಿಸುವ ಡೋಲೋ 650 ಎಂಬ ಜ್ವರದ ಗುಳಿಗೆಯು ಕೋವಿಡ್ ಕಾಲದಲ್ಲಿ ಹಳ್ಳಿಹಳ್ಳಿಯ ಮಾತಾಗಿದ್ದುದು ವಾಚಕರ ನೆನಪಿನಲ್ಲಿದೆ. 2022ರ ಜುಲೈ 6ರಂದು ಆದಾಯ ತೆರಿಗೆ ಇಲಾಖೆಯು ಆ ಕಂಪನಿಯ ಕಚೇರಿಗಳನ್ನು ಶೋಧಿಸಿತು. ಕೇಂದ್ರ ಪ್ರತ್ಯಕ್ಷ ತೆರಿಗೆ ಮಂಡಳಿಯು ಒಂದು ವಾರದ ಬಳಿಕ ಹೊರಡಿಸಿದ ಹೇಳಿಕೆಯಲ್ಲಿ, ಕಂಪನಿಯ ಹೆಸರನ್ನು ಎತ್ತದೆ, ಬೆಂಗಳೂರಿನ ಔಷಧ ಸಮೂಹವೊಂದು ವೈದ್ಯರಿಗೂ ವೈದ್ಯಕೀಯ ವೃತ್ತಿಯವರಿಗೂ ಪ್ರವಾಸ, ಉಡುಗೊರೆ ಮೊದಲಾದ ರೂಪದಲ್ಲಿ ಕೊಟ್ಟ ಕಾಣಿಕೆಗಳ ಮೊತ್ತವು ಸುಮಾರು 1000 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಆಗಸ್ಟ್ 18ರಂದು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ ಹಾಗೂ ನ್ಯಾಯಮೂರ್ತಿ ಎ. ಎಸ್. ಬೋಪಣ್ಣನವರ ಪೀಠದ ಮುಂದೆ ಒಕ್ಕೂಟದ ವಕೀಲರು ಈ ಸಂಗತಿಯನ್ನು ಪ್ರಸ್ತಾಪಿಸಿದಾಗ, ತಮಗೆ ಕೋವಿಡ್ ಬಂದಾಗಲೂ ಅದೇ ಗುಳಿಗೆಯನ್ನೇ ಹೇಳಿದ್ದರೆಂದು ಚಂದ್ರಚೂಡರು ನುಡಿದರು. ನ್ಯಾಯಾಧೀಶರೂ ರೋಗಿಯಾದಾಗ ಚೀಟಿಯನ್ನು ನಂಬಿ ನುಂಗುವವರೇ.

ಕಂಪನಿಯ ಮಾತನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಕೋವಿಡ್ ವರ್ಷದಲ್ಲಿ ಆ ಗುಳಿಗೆಯ ಮಾರಾಟವೇ 350 ಕೋಟಿ ರೂಪಾಯಿ. ಅದೊಂದರ ಸಲುವಾಗಿ 1000 ಕೋಟಿ ಖರ್ಚು ಮಾಡುವುದು ಯಾವ ಕಂಪನಿಗೂ ಅಸಾಧ್ಯವೆಂದು ಅದರ ಅಧಿಕಾರಿಯೊಬ್ಬರು ವಿವರಿಸಿದರು. ಅದು ಯುಕ್ತಿಗೆ ಒಪ್ಪುವ ಮಾತು. ತೆರಿಗೆ ಮಂಡಳಿಯ ಹೇಳಿಕೆಯಲ್ಲಿಯೂ ಆ ಮೊತ್ತವು ಒಂದೇ ಗುಳಿಗೆಗೆ ಸಂಬಂಧಿಸಿದುದೆಂಬ ಮಾತಿರಲಿಲ್ಲ. ಬಾಯಿಂದ ಬಾಯಿಗೆ ಹೋಗುವಾಗ ಅದು ಹಾಗಾಯಿತು. ಅಂದಾಜು ತೀರ್ಪಲ್ಲ. ಆದಕಾರಣ ಈ ಪ್ರಕರಣಕ್ಕಿಂತ, ಪೂರ್ತಿಯಾಗಿ ವಿಚಾರಣೆ ನಡೆದು ತೀರ್ಪು ಬಂದ ಇನ್ನೊಂದು ಪ್ರಕರಣವೇ ನಮ್ಮ ಅಧ್ಯಯನಕ್ಕೆ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಅದು ಚೆನ್ನೈಯ ಏಪೆಕ್ಸ್ ಲ್ಯಾಬೊರೇಟರೀಸ್ ಎಂಬ ಕಂಪನಿಯದು. ಜಿಂಕೋವಿಟ್ ಎಂಬ ಸತುವು ಹಾಗೂ ಜೀವಸತ್ವದ ಪುಷ್ಟಿ ಔಷಧವನ್ನು ಪ್ರಚಾರ ಮಾಡಲು ಅದು ವೈದ್ಯರಿಗೆ ಚಿನ್ನದ ನಾಣ್ಯ, ದೂರದರ್ಶನ ಯಂತ್ರ, ಫ್ರಿಜ್, ಲ್ಯಾಪ್‌ಟಾಪ್‌ಗಳನ್ನು ಕೊಟ್ಟಿತ್ತು; ಸಮ್ಮೇಳನಗಳ ಶುಲ್ಕವನ್ನೂ ಆತಿಥ್ಯದ ವೆಚ್ಚವನ್ನೂ ಭರಿಸಿತ್ತು. ಈ ಬಾಬತ್ತಿನ ಸುಮಾರು 4.72 ಕೋಟಿ ರೂಪಾಯಿಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆಯಲ್ಲಿ ವಿನಾಯಿತಿ ಕೇಳಿತು. 2022ರ ಫೆಬ್ರುವರಿ 22ರಂದು ನ್ಯಾಯಮೂರ್ತಿ ಯು. ಯು. ಲಲಿತ್ ಹಾಗೂ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ಟರ ಪೀಠವು ಆ ಕೋರಿಕೆಯನ್ನು ತಳ್ಳಿಹಾಕಿತು. ಸ್ವೀಕರಿಸುವುದು ವೈದ್ಯನಿಗೆ ನಿಷಿದ್ಧವಾಗಿರುವಾಗ ಕೊಡುವುದು ಕಂಪನಿಗೆ ನ್ಯಾಯವಾದ ಖರ್ಚಾಗಲಾರದೆಂಬುದು ತೀರ್ಪಿನ ಸಾರ. ಈ ಕಾಣಿಕೆಗಳ ವೆಚ್ಚವು ಕಡೆಗೆ ಔಷಧದ ಬೆಲೆಯೊಳಗೆ ಸೇರಿ ರೋಗಿಯ ತಲೆಯ ಮೇಲೆಯೇ ಬೀಳುತ್ತದೆಂಬುದನ್ನೂ ನ್ಯಾಯಾಲಯವು ಎತ್ತಿ ಹೇಳಿತು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಚಿನ್ನದ ನಾಣ್ಯವನ್ನು ಡಾಕ್ಟರ ಕೈಯಲ್ಲಿ ಇಡುವಾಗ ಆಡುವ ಮಾತು ಯಾವುದು? ಗೌರವದ ಕಾಣಿಕೆ, ದೀಪಾವಳಿಯ ನೆನಪು, ಪ್ರೀತಿಯ ಕುರುಹು ಎಂಬುದು. ಅದೇ ನಾಣ್ಯವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವಾಗ ಅದು ಮಾರಾಟದ ಖರ್ಚು. ಕಂಪನಿಯೇ ನ್ಯಾಯಾಲಯದಲ್ಲಿ ಪ್ರಮಾಣಪೂರ್ವಕವಾಗಿ ವಾದಿಸಿದ್ದು ಇದು ದಾನವಲ್ಲ, ವ್ಯಾಪಾರದ ವೆಚ್ಚವೆಂದು. ಆ ವಾದವನ್ನು ಓದಿದ ಬಳಿಕವೂ ವೈದ್ಯನು ತನಗೆ ಬಂದುದನ್ನು ಪ್ರೀತಿಯ ಕುರುಹೆಂದು ಭಾವಿಸುವುದಾದರೆ, ಅವನು ತನಗೆ ತಾನೇ ಮರುಳಾಗುತ್ತಿದ್ದಾನೆ. ದಾಸೋಹಕ್ಕೂ ಇದಕ್ಕೂ ಇರುವ ಅಂತರವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯದು. ದಾಸೋಹದಲ್ಲಿ ಕೊಟ್ಟವನು ತಾನು ಕೊಟ್ಟೆನೆಂಬುದನ್ನು ಮರೆಯಬೇಕೆಂದು ಶರಣರು ಬೋಧಿಸಿದರು. ಇಲ್ಲಿ ಕೊಟ್ಟವನು ಪೈಸೆ ಪೈಸೆಯನ್ನೂ ಬರೆದಿಟ್ಟಿದ್ದಾನೆ. ಯಾವ ಡಾಕ್ಟರು, ಯಾವ ಊರು, ಮುಂದಿನ ತಿಂಗಳು ಎಷ್ಟು ಚೀಟಿ ಎಂಬುದರ ಸಮೇತ.

"ಒಂದು ಪೆನ್ನಿಗೋ ಒಂದು ಊಟಕ್ಕೋ ನನ್ನ ವಿದ್ಯೆಯನ್ನು ಮಾರುವಷ್ಟು ನಾನು ಅಗ್ಗವಾಗಿಲ್ಲ" ಎಂದು ಅನೇಕ ವೈದ್ಯರು ನೊಂದು ನುಡಿಯುತ್ತಾರೆ. ಅವರ ನೋವು ನಿಜ. ಬಹುಮಂದಿ ಪ್ರಾಮಾಣಿಕವಾಗಿಯೇ ಹಾಗೆ ನಂಬಿದ್ದಾರೆ. ಆದರೆ ಅಮೆರಿಕದಲ್ಲಿ 2010ರ ಕಾನೂನಿನ ಮೇರೆಗೆ ಕಂಪನಿಗಳು ವೈದ್ಯರಿಗೆ ಕೊಟ್ಟುದನ್ನೆಲ್ಲ ಸರಕಾರವು 2014ರಿಂದ ಬಹಿರಂಗವಾಗಿ ಪ್ರಕಟಿಸುತ್ತ ಬಂದಿದೆ. ಆ ಲೆಕ್ಕವನ್ನೂ ಚೀಟಿಗಳ ಲೆಕ್ಕವನ್ನೂ ಹೋಲಿಸಿ 2016ರಲ್ಲಿ ಅಲ್ಲಿಯ ವಿದ್ವಾಂಸರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಪರಿಶೀಲಿಸಿದ್ದು ಸುಮಾರು 2,80,000 ವೈದ್ಯರ ವಿಷಯ. ಇಪ್ಪತ್ತು ಡಾಲರಿಗಿಂತ ಕಡಿಮೆ ಬೆಲೆಯ ಒಂದೇ ಒಂದು ಊಟವನ್ನು ಸ್ವೀಕರಿಸಿದ ವೈದ್ಯರಲ್ಲಿಯೂ ಊಟ ಹಾಕಿದ ಕಂಪನಿಯ ಹೆಸರಿನ ಔಷಧವನ್ನು ಬರೆಯುವ ಪ್ರಮಾಣ ಹೆಚ್ಚಿತ್ತು. ಊಟಗಳು ಹೆಚ್ಚಿದಂತೆ ಅದೂ ಹೆಚ್ಚುತ್ತಿತ್ತು. ಊಟದಿಂದಲೇ ಹೀಗಾಯಿತೆಂದು ಅಂಥ ಹೋಲಿಕೆಯು ಸಾಧಿಸಿಕೊಡಲಾರದು. ಆ ಔಷಧದ ಮೇಲೆ ಮೊದಲೇ ಒಲವಿದ್ದವರು ಊಟಕ್ಕೆ ಹೋಗಿರಬಹುದು. ಆದರೂ ಕಂಪನಿಗಳು ವರ್ಷ ವರ್ಷವೂ ಊಟ ಹಾಕುತ್ತಲೇ ಇರುವುದನ್ನು ನೋಡಿದರೆ, ಫಲವಿಲ್ಲದ ಖರ್ಚನ್ನು ಅವರು ಮಾಡುತ್ತಿರಲಾರರೆಂದು ಊಹಿಸಬಹುದು.

ನಮ್ಮ ನಾಡಿನವರಿಗಂತೂ ಇದಕ್ಕೆ ಅಮೆರಿಕದ ಪ್ರಮಾಣವೇ ಬೇಕಾಗಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂದು ತೊಟ್ಟಿಲಲ್ಲಿಯೇ ಕಲಿತ ಜನ ನಾವು. ಉಪ್ಪಿನ ಋಣವೆಂಬುದು ನಮ್ಮ ರಕ್ತದಲ್ಲಿದೆ. ವ್ಯಾಪಾರದ ಈ ಉಪಾಯವು ಮನುಷ್ಯನ ದುರಾಸೆಯೊಂದನ್ನೇ ನಂಬಿ ನಿಂತಿಲ್ಲ; ಅವನ ಒಳ್ಳೆಯತನವನ್ನೂ ನಂಬಿದೆ. ಕೃತಜ್ಞತೆಯಿಲ್ಲದ ವೈದ್ಯನಿಗೆ ಕಾಣಿಕೆ ಕೊಟ್ಟು ಏನು ಲಾಭ? ತೆಗೆದುಕೊಂಡು ಮರೆತುಬಿಡುತ್ತಾನೆ. ಸಂಕೋಚವುಳ್ಳವನು, ಮರ್ಯಾದಸ್ಥನು, ಬಿಸಿಲಲ್ಲಿ ಕಾದು ನಿಂತ ಹುಡುಗನ ಮುಖ ನೋಡಿ ಮರುಗುವವನು, ಇಂಥವನೇ ಬೇಗ ಬಲೆಗೆ ಬೀಳುವವನು. ಆದುದರಿಂದಲೇ ಈ ವಿಷಯದಲ್ಲಿ ವೈದ್ಯನ ಸಜ್ಜನಿಕೆಯು ಅವನಿಗೆ ರಕ್ಷೆಯಾಗಲಾರದು. ಮೊದಲೇ ಮುಟ್ಟದಿರುವುದೊಂದೇ ರಕ್ಷೆ. ಚಂದಯ್ಯನವರು ಹೊನ್ನನ್ನು ಮನೆಯಲ್ಲಿಟ್ಟುಕೊಂಡು ಮನಸ್ಸನ್ನು ಶುದ್ಧವಾಗಿಡುತ್ತೇನೆಂದು ಹೇಳಲಿಲ್ಲವೆಂಬುದನ್ನು ಗಮನಿಸಿರಿ.

ಆಯ್ದಕ್ಕಿ ಲಕ್ಕಮ್ಮನವರ ನೆನಪೂ ಇಲ್ಲಿ ಬರುತ್ತದೆ. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮ್ಮ ನಿತ್ಯದ ಅಳತೆಯಲ್ಲವೆಂದು ಕಂಡು, ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದ ತಾಯಿ ಆಕೆ. ಕಂಪನಿಯ ಫ್ರಿಜ್ಜು ದವಾಖಾನೆಗೆ ಬರುವುದಕ್ಕಿಂತ ಮನೆಗೆ ಬರುವುದೇ ಹೆಚ್ಚು. ಪ್ರವಾಸಕ್ಕೆ ಹೊರಡುವವರು ಡಾಕ್ಟರೊಬ್ಬರೇ ಅಲ್ಲ. 2024ರ ಮಾರ್ಚ್ 12ರಂದು ಕೇಂದ್ರ ಸರಕಾರದ ಔಷಧ ಇಲಾಖೆಯು ಹೊರಡಿಸಿದ ನಡಾವಳಿ ಸಂಹಿತೆಯಲ್ಲಿ ವೈದ್ಯರಿಗೂ ಅವರ ಕುಟುಂಬದವರಿಗೂ ಕಾಣಿಕೆ ಕೊಡಲಾಗದೆಂದು ಸ್ಪಷ್ಟವಾಗಿ ಸೇರಿಸಿರುವುದು ಇದೇ ಕಾರಣಕ್ಕೆ. ವೈದ್ಯರ ಮನೆಯ ಗೃಹಿಣಿಯರು ಈ ಪತ್ರಿಕೆಯನ್ನು ಓದುತ್ತಿದ್ದರೆ ಲಕ್ಕಮ್ಮನವರ ಪ್ರಸಂಗವನ್ನು ಮತ್ತೊಮ್ಮೆ ತೆರೆದು ನೋಡುವರೆಂದು ನಂಬಿದ್ದೇನೆ.

ಕಾನೂನು ಸುಮ್ಮನಿದೆಯೇ ಎಂದು ಕೇಳಿದರೆ, ಇಲ್ಲ; ಆದರೆ ಕುಂಟುತ್ತ ನಡೆದಿದೆ. ಭಾರತೀಯ ವೈದ್ಯಕೀಯ ಪರಿಷತ್ತು ತನ್ನ 2002ರ ನಿಯಮಗಳಿಗೆ 2009ರ ಡಿಸೆಂಬರಿನಲ್ಲಿ ತಿದ್ದುಪಡಿ ತಂದು, ವೈದ್ಯರು ಔಷಧ ಕಂಪನಿಗಳಿಂದ ಕಾಣಿಕೆ, ಪ್ರಯಾಣ, ಆತಿಥ್ಯ, ಹಣ ಯಾವುದನ್ನೂ ಸ್ವೀಕರಿಸಕೂಡದೆಂದಿತು. 2016ರಲ್ಲಿ ಶಿಕ್ಷೆಯ ಪ್ರಮಾಣವನ್ನು ಗೊತ್ತುಪಡಿಸಿತು: 5000 ರೂಪಾಯಿಯವರೆಗಿನ ಕಾಣಿಕೆಗೆ ಛೀಮಾರಿ, ಅದಕ್ಕೆ ಮಿಕ್ಕಿದರೆ ಮೊತ್ತಕ್ಕೆ ತಕ್ಕಂತೆ ಮೂರು ತಿಂಗಳಿನಿಂದ ಒಂದು ವರ್ಷಕ್ಕೂ ಮೇಲ್ಪಟ್ಟು ವೈದ್ಯರ ಪಟ್ಟಿಯಿಂದ ಹೆಸರು ತೆಗೆಯುವುದು. ಆದರೆ ಅದೇ ವರ್ಷ ವೈದ್ಯರ ಸಂಘಗಳನ್ನು ಈ ನಿಷೇಧದಿಂದ ಹೊರಗಿಟ್ಟಿತು. ಒಬ್ಬೊಬ್ಬರಾಗಿ ತೆಗೆದುಕೊಳ್ಳಬಾರದ್ದನ್ನು ಹತ್ತು ಜನ ಕೂಡಿ ತೆಗೆದುಕೊಳ್ಳಬಹುದೆಂಬ ಈ ತರ್ಕ ನನಗಂತೂ ಅರ್ಥವಾಗಿಲ್ಲ. ಪರಿಷತ್ತಿನ ಬಳಿಕ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಹೊಸ ಬಿಗಿಯಾದ ನಿಯಮಗಳನ್ನು ಪ್ರಕಟಿಸಿ, ವೈದ್ಯರ ವಿರೋಧ ಬರಲು, ಅದೇ ತಿಂಗಳ 23ರಂದು ತಡೆಹಿಡಿಯಿತು. 2024ರ ಸಂಹಿತೆಯಲ್ಲಿ ದೂರನ್ನು ಮೊದಲು ವಿಚಾರಿಸತಕ್ಕವರು ಔಷಧ ಕಂಪನಿಗಳ ಸಂಘಗಳೇ ರಚಿಸಿದ ಸಮಿತಿಗಳು. ಅದರ ಬಲವು ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ಎಬ್‌ವೀ ಎಂಬ ವಿದೇಶೀ ಮೂಲದ ಕಂಪನಿಯು ಮೂವತ್ತು ಮಂದಿ ವೈದ್ಯರನ್ನು ಪ್ಯಾರಿಸ್ ಹಾಗೂ ಮೊನಾಕೊಗಳಿಗೆ ಕಳುಹಿಸಲು 1.91 ಕೋಟಿ ರೂಪಾಯಿ ವ್ಯಯಿಸಿತೆಂದು 2024ರ ಡಿಸೆಂಬರಿನಲ್ಲಿ ಔಷಧ ಇಲಾಖೆಯೇ ನಿರ್ಣಯಿಸಿ ಅದಕ್ಕೆ ಛೀಮಾರಿ ಹಾಕಿತು. ವೈದ್ಯರ ಮೇಲಿನ ಕ್ರಮವನ್ನು ಆಯೋಗಕ್ಕೂ ತೆರಿಗೆಯ ವಿಚಾರವನ್ನು ತೆರಿಗೆ ಇಲಾಖೆಗೂ ಒಪ್ಪಿಸಿತು.

ವೈದ್ಯರ ಪಕ್ಷದಿಂದಲೂ ಹೇಳತಕ್ಕ ಮಾತುಗಳಿವೆ. ಹೊಸ ರೋಗ, ಹೊಸ ಔಷಧಗಳನ್ನು ಅವರು ಕಲಿಯುತ್ತಲೇ ಇರಬೇಕು. ಅದಕ್ಕೆ ಸಮ್ಮೇಳನಗಳು ಬೇಕು. ಅವುಗಳ ವೆಚ್ಚವನ್ನು ಸರಕಾರವು ಕೊಡದು, ತಾಲೂಕು ಊರಿನ ಡಾಕ್ಟರು ಕೈಯಿಂದ ಭರಿಸಲಾರರು. ಇದು ಅರ್ಧ ಸತ್ಯವಾದರೂ ಸತ್ಯವೇ. ಇನ್ನೊಂದು ಮಾತು ನಮ್ಮ ಬುಡಕ್ಕೇ ಬರುವಂಥದು. ಲಕ್ಷ ಲಕ್ಷ ರೂಪಾಯಿ ತೆತ್ತು ವೈದ್ಯಕೀಯ ಸೀಟು ಪಡೆದು, ಸಾಲದಲ್ಲಿ ಓದಿ, ಸಾಲದಲ್ಲಿಯೇ ದವಾಖಾನೆ ತೆರೆದ ತರುಣನಿಗೆ ಕಾಣಿಕೆಯ ಮೋಹವನ್ನು ಗೆಲ್ಲುವುದು ಎಷ್ಟು ಕಠಿಣ! ನಮ್ಮ ಸಮಾಜದವರು ಕಟ್ಟಿದ ವಿದ್ಯಾಸಂಸ್ಥೆಗಳೂ ಈ ನಾಡಿನಲ್ಲಿ ವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತಿವೆ. ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದವರ ಪೀಳಿಗೆಯೊಂದು ನಮ್ಮಲ್ಲಿತ್ತು. ಅವರಲ್ಲಿ ವೈದ್ಯರಾದವರು ಸಮಾಜದ ಋಣವನ್ನು ರೋಗಿಗಳ ಸೇವೆಯಿಂದ ತೀರಿಸಿದರು. ಇಂದು ಬಾಗಿಲಲ್ಲಿಯೇ ಲಕ್ಷಗಳನ್ನು ಕೇಳಿ, ಒಳಗೆ ಕಾಯಕದ ಉಪನ್ಯಾಸ ಮಾಡಿದರೆ ಹುಡುಗರ ಮನಸ್ಸಿಗೆ ಅದು ಹತ್ತೀತೇ?

ಗೃಹಸ್ಥರ ಕಡೆಗೂ ತಿರುಗೋಣ. ಡಾಕ್ಟರು ಸುಮ್ಮನೆ ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳಿರೆಂದರೆ ನಮಗೆ ಸಮಾಧಾನವಿಲ್ಲ. ಸೂಜಿ ಹಾಕಬೇಕು, ಸಲಾಯಿನ್ ಏರಿಸಬೇಕು, ಶಕ್ತಿಗೊಂದು ಟಾನಿಕ್ ಬರೆಯಬೇಕು. ಬರೆಯದ ಡಾಕ್ಟರು ಜಾಣನಲ್ಲವೆಂದು ಮರುದಿನ ಬೇರೆ ದವಾಖಾನೆಗೆ ಹೋಗುತ್ತೇವೆ. ಕಂಪನಿಯ ಕಾಣಿಕೆಗಿಂತ ಮೊದಲೇ ನಮ್ಮ ಈ ಹಟವು ವೈದ್ಯನ ಕೈಯನ್ನು ಬಳಸುದಾರಿಗೆ ಎಳೆದಿರುತ್ತದೆ. ಜಿಂಕೋವಿಟ್ಟಿನಂಥ ಪುಷ್ಟಿ ಔಷಧಗಳ ಸುತ್ತಲೇ ಅಷ್ಟೊಂದು ಚಿನ್ನದ ನಾಣ್ಯಗಳು ಏಕೆ ಉರುಳಿದುವೆಂಬುದನ್ನು ಯೋಚಿಸಿರಿ. ಜೀವ ಉಳಿಸುವ ಔಷಧಕ್ಕೆ ಅಷ್ಟು ಪ್ರಚಾರ ಬೇಕಾಗದು.

ರೋಗಿಯು ಮಾಡಬಹುದಾದ ಕೆಲಸ ಸಣ್ಣದು, ಆದರೆ ಇಲ್ಲವೆನ್ನುವಂತಿಲ್ಲ. ಚೀಟಿಯಲ್ಲಿ ಮೂಲದ್ರವ್ಯದ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂಬುದು 2016ರಿಂದ ವೈದ್ಯರಿಗೆ ವಿಧಿಸಿರುವ ನಿಯಮ. ಅದನ್ನು ವಿನಯದಿಂದ ಕೇಳುವ ಹಕ್ಕು ನಮಗಿದೆ. "ಸಾಹೇಬರ, ಇದರಾಗ ಕಡಿಮಿ ರೇಟಿಂದು ಬ್ಯಾರೆ ಅದ ಏನ್ರಿ?" ಎಂದು ಕೇಳಿದರೆ ಒಳ್ಳೆಯ ಡಾಕ್ಟರು ಮುನಿಯುವುದಿಲ್ಲ, ಎಷ್ಟೋ ಸಲ ತಾವೇ ತಿದ್ದಿ ಬರೆದುಕೊಡುತ್ತಾರೆ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಮೂಲದ್ರವ್ಯದ ಹೆಸರಿನ ಔಷಧಗಳು, ಸರಕಾರದ ಹೇಳಿಕೆಯ ಮೇರೆಗೆ, ಹೆಸರುವಾಸಿ ಔಷಧಗಳಿಗಿಂತ ಶೇಕಡಾ 50ರಿಂದ 80ರಷ್ಟು ಕಡಿಮೆ ಬೆಲೆಗೆ ದೊರೆಯುತ್ತವೆ. ಆದರೆ ಒಂದು ಎಚ್ಚರಿಕೆ ಅವಶ್ಯ. ಮೂರ್ಛೆರೋಗ, ಹೃದ್ರೋಗ, ಥೈರಾಯ್ಡ್ ಮೊದಲಾದವುಗಳ ಔಷಧವನ್ನು ತಾವಾಗಿಯೇ ಬದಲಿಸುವುದು ಅಪಾಯಕರ. ಬಿಡುವುದಂತೂ ಇನ್ನೂ ಅಪಾಯಕರ. ಬೆಲೆಯ ವಿಚಾರವನ್ನು ಡಾಕ್ಟರೊಂದಿಗೆ ಮಾತನಾಡಿಯೇ ನಿರ್ಧರಿಸತಕ್ಕದ್ದು. ಕಾಣಿಕೆಯ ಆಸೆಯಿಂದಲೇ ಔಷಧ ಬರೆದರೆಂಬುದಕ್ಕೆ ದಾಖಲೆ ಸಮೇತ ದೂರು ಇದ್ದವರಿಗೆ ಬೆಂಗಳೂರಿನಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. ದಾಖಲೆಯಿಲ್ಲದೆ ಕಟ್ಟೆಯ ಮೇಲೆ ಕುಳಿತು ಡಾಕ್ಟರರ ಹೆಸರು ಕೆಡಿಸುವುದು ಶರಣಧರ್ಮವಲ್ಲ.

ಇನ್ನು ಮಠಗಳ ವಿಷಯ. ಇದನ್ನು ಬರೆಯುವುದು ಕೊಂಚ ಸಂಕೋಚದ ಕೆಲಸವಾದರೂ ಬಿಡುವಂತಿಲ್ಲ. ಜಾತ್ರೆ, ಪುಣ್ಯಾರಾಧನೆಗಳ ಕಾಲಕ್ಕೆ ನಮ್ಮ ಮಠಗಳಲ್ಲಿ ಉಚಿತ ಆರೋಗ್ಯ ತಪಾಸಣೆಯ ಶಿಬಿರಗಳು ನಡೆಯುತ್ತವೆ. ಸಾವಿರಾರು ಬಡವರಿಗೆ ಅದರಿಂದ ಉಪಕಾರವಾಗಿದೆ. ಆದರೆ ಕೆಲವು ಶಿಬಿರಗಳ ಪೆಂಡಾಲಿನ ಮೇಲೆ ಗುರುಗಳ ಭಾವಚಿತ್ರದ ಪಕ್ಕದಲ್ಲಿಯೇ ಔಷಧ ಕಂಪನಿಯ ಹೆಸರು ರಾರಾಜಿಸುತ್ತದೆ. ಹಂಚುವುದು ಕಂಪನಿಯ ಮಾದರಿ ಗುಳಿಗೆಗಳು. ರಕ್ತದೊತ್ತಡವಿದೆಯೆಂದು ಅಂದೇ ಮೊದಲು ತಿಳಿದ ಮುದುಕಿಗೆ ಹತ್ತು ದಿನದ ಗುಳಿಗೆ ಪುಕ್ಕಟೆ ಸಿಗುತ್ತದೆ. ಹನ್ನೊಂದನೆಯ ದಿನ ಅದೇ ಹೆಸರಿನದನ್ನು ಆಕೆ ಅಂಗಡಿಯಲ್ಲಿ ಕೊಳ್ಳಬೇಕು, ಇಲ್ಲವೆ ಬಿಟ್ಟುಬಿಡಬೇಕು. ಕೊಂಡರೆ ಕಂಪನಿಗೆ ಗಿರಾಕಿ ದೊರೆತಂತಾಯಿತು, ಅದೂ ಸ್ವಾಮಿಗಳ ಆಶೀರ್ವಾದದೊಂದಿಗೆ. ಬಿಟ್ಟರೆ ಆಕೆಯ ರೋಗ ಹಾಗೆಯೇ ಉಳಿಯಿತು. 2024ರ ಸಂಹಿತೆಯ ಪ್ರಕಾರ ಮಾದರಿ ಔಷಧವನ್ನು ವೈದ್ಯನ ಕೈಗೇ ಕೊಡಬೇಕು. ಒಂದು ಕಟ್ಟಿನಲ್ಲಿ ಮೂವರು ರೋಗಿಗಳಿಗೆ ಸಾಕಾಗುವುದಕ್ಕಿಂತ ಹೆಚ್ಚು ಇರಕೂಡದು. ಒಂದು ಔಷಧದ ಹನ್ನೆರಡು ಕಟ್ಟುಗಳಿಗಿಂತ ಹೆಚ್ಚನ್ನು ವರ್ಷದಲ್ಲಿ ಒಬ್ಬ ವೈದ್ಯನಿಗೆ ಕೊಡಕೂಡದು. ಜಾತ್ರೆಯ ಜನಕ್ಕೆ ಬುಟ್ಟಿಗಟ್ಟಲೆ ಹಂಚುವುದಕ್ಕಾಗಿ ಮಾದರಿಗಳಿಲ್ಲವೆಂಬುದು ಇದರಿಂದ ಸ್ಪಷ್ಟ.

ಶಿಬಿರಕ್ಕೆ ಬೇಕಾದ ಔಷಧವನ್ನು ಮೂಲದ್ರವ್ಯದ ಹೆಸರಿನಲ್ಲಿ ಮಠವೇ ಕೊಂಡು ಹಂಚಬಹುದು. ಅನ್ನದಾಸೋಹಕ್ಕೆ ಜೋಳದ ಚೀಲ ಕೊಡುವ ಭಕ್ತರು ಒಂದು ವರ್ಷದ ಗುಳಿಗೆಗಳ ವೆಚ್ಚವನ್ನೂ ಕೊಡಲು ಹಿಂದೆಗೆಯರು. ದೀರ್ಘಕಾಲದ ರೋಗವೆಂದು ಗೊತ್ತಾದವರ ಹೆಸರುಗಳನ್ನು ಬರೆದುಕೊಂಡು, ಅವರನ್ನು ಸಮೀಪದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ, ತಿಂಗಳಿಗೊಮ್ಮೆ ವಿಚಾರಿಸುವ ಹೊಣೆಯನ್ನು ಊರಿನ ಇಬ್ಬರು ತರುಣರಿಗೆ ವಹಿಸಬಹುದು. ಕಂಪನಿಗಳಿಂದ ಏನಾದರೂ ಬಂದರೆ, ದಾಸೋಹದ ಧಾನ್ಯದ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಅದನ್ನೂ ಬರೆದು ಮಠದ ಬಾಗಿಲಲ್ಲಿ ತೂಗುಹಾಕಬಹುದು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಮಠಗಳಲ್ಲಿ ಬರುವ ಜಾತ್ರೆಯ ಶಿಬಿರದಿಂದಲೇ ಇದನ್ನು ಆರಂಭಿಸಲು ಅಡ್ಡಿಯಿಲ್ಲ. ಪುಸ್ತಕದಲ್ಲಿ ಬೇಕಾದುದು ಮೂರೇ ಅಂಕಣ: ಕೊಟ್ಟವರ ಹೆಸರು, ಕೊಟ್ಟ ವಸ್ತು, ಅದು ಯಾರ ಕೈ ಸೇರಿತೆಂಬುದು.